ನಾಯ್ಕ ಸರ್ ಸವರಿದ ಒಂದು ಕೊಂಬೆ

ಹೊನ್ನಾವರದ ಸಂತೆಯಲ್ಲಿ ಬದನೆಕಾಯಿಯನ್ನು ಎರಡೆರಡು ಸಲ ತೂಗಿಸಿ ಕೊಳ್ಳುತ್ತಿದ್ದವರು ನನಗೆ ಗೊತ್ತಿದ್ದಂತೆ ದಾಮೋದರ ನಾಯ್ಕರು ಒಬ್ಬರೇ. ಒಮ್ಮೆ ತೂಗಿ ಆದ ಮೇಲೆ, "ಈಗ ಬದನೆಕಾಯಿ ಆಚೆ ತಟ್ಟೆಗೆ ಹಾಕು, ಕಲ್ಲು ಈಚೆ ತಟ್ಟೆಗೆ" ಎನ್ನುವರು. ಎರಡು ಸಲವೂ ಮುಳ್ಳು ನಡುವೆ ನಿಂತರೆ ಅವರ ಮುಖ ಅರಳುವುದು. ನಿಲ್ಲದೆ ಹೋದರೆ ಇನ್ನೂ ಹೆಚ್ಚು ಅರಳುವುದು. ಜಗಳವಾಡುವ ಮನುಷ್ಯ ಅಲ್ಲವೇ ಅಲ್ಲ. ಸರಪಳಿ ಎಲ್ಲಿ ಸವೆದಿದೆ, ದಂಡಿಗೆ ಎಲ್ಲಿ ಬಾಗಿದೆ ಎಂದು ಕಣ್ಣು ಕಿರಿದು ಮಾಡಿ ನೋಡಿ, ಮಾರುವವಳಿಗೂ ತೋರಿಸಿ, ಅವಳು ಹೇಳಿದಷ್ಟು ಕೊಟ್ಟು ಚೀಲ ಎತ್ತಿಕೊಂಡು ಹೊರಡುವರು. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೂ ಬಿಡಲಿಲ್ಲ. ಅದರ ಮೂಲೆಯಲ್ಲಿ ಒಮ್ಮೆ ಇಡಿಸುವರು, ನಡುವೆ ಒಮ್ಮೆ ಇಡಿಸುವರು. ಸಂತೆಯ ಹೆಂಗಸರು ಅವರನ್ನು ದೂರದಿಂದ ಕಂಡೊಡನೆ "ತಕ್ಕಡಿ ಸಾಹೇಬ್ರ ಸವಾರಿ ಬಂತು" ಎಂದು ಒಬ್ಬರಿಗೊಬ್ಬರು ಹೇಳಿ ನಗುತ್ತಿದ್ದರು.

ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಭಟ್ಕಳದಿಂದ ಕುಮಟೆಯವರೆಗಿನ ಅಂಗಡಿಗಳ ತಕ್ಕಡಿ, ಸೇರು, ಗಜಕಡ್ಡಿಗಳನ್ನೆಲ್ಲ ಪರೀಕ್ಷಿಸಿ ಮುದ್ರೆ ಒತ್ತಿ ನಿವೃತ್ತರಾದರು. ನಾನು ಅವರನ್ನು ಕಂಡದ್ದು ಆಮೇಲೆ. ಕುಮಟೆಯ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತೇನೆ. ಒಂದು ದಿನ ಪಾಠ ಮುಗಿಸಿ ಹೊರಗೆ ಬಂದರೆ, ಬಿಳಿ ಅಂಗಿ, ಎದೆಯ ಕಿಸೆಯಲ್ಲಿ ಭೂತಗನ್ನಡಿ, ಕೈಯಲ್ಲಿ ಮೊಬೈಲು ಹಿಡಿದ ಹಿರಿಯರೊಬ್ಬರು ಬಾಗಿಲಲ್ಲಿ ನಿಂತಿದ್ದರು.

"ಮೇಡಂ, ಒಂದು ಕೇಳೂದಿತ್ತು. ಈ ಮೊಬೈಲಿನಲ್ಲಿ ಚೆಸ್ ಆಡ್ತೆ. ದಿನಾ ಸೋಲ್ತೆ. ಸೋಲೂದಕ್ಕೆ ಬೇಜಾರಿಲ್ಲ. ಇದು ಎಂತ ನೋಡ್ತದೆ ಅಂತ ಎಲ್ರೂ ಹೇಳ್ತಾರೆ. ಎಂತ ನೋಡೂದಿಲ್ಲ, ಅದನ್ನ ಹೇಳ್ತ್ರಾ?"

ಇಷ್ಟು ವರ್ಷ ಪಾಠ ಮಾಡಿದ ನನಗೆ ಒಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ಪ್ರಶ್ನೆ ಅಷ್ಟು ಸರಿಯಾಗಿತ್ತು. ಕಂಪ್ಯೂಟರು ಚೆಸ್ ಆಡುವಾಗ ತನ್ನ ಒಂದೊಂದು ನಡೆಗೂ ಎದುರಾಳಿಯ ಉತ್ತರಗಳನ್ನು ನೋಡುತ್ತದೆ, ಆ ಉತ್ತರಗಳಿಗೆ ತನ್ನ ಉತ್ತರಗಳನ್ನು ನೋಡುತ್ತದೆ. ಹೀಗೆ ಕೊಂಬೆಗೆ ಕೊಂಬೆ ಒಡೆದು ದೊಡ್ಡ ಮರವಾಗುತ್ತದೆ. ಎಲ್ಲವನ್ನೂ ನೋಡುತ್ತ ಕೂತರೆ ಒಂದು ನಡೆ ಇಡುವುದರೊಳಗೆ ನಮ್ಮ ಆಯುಷ್ಯ ಮುಗಿಯುತ್ತದೆ. ಆದ್ದರಿಂದ ಬೇಡದ ಕೊಂಬೆಗಳನ್ನು ನೋಡದೆಯೇ ಸವರಿ ಹಾಕಬೇಕು. ಯಾವುದು ಬೇಡದ್ದು ಎಂದು ನೋಡದೆ ತಿಳಿಯುವುದು ಹೇಗೆ ಎಂಬಲ್ಲೇ ಆ ವಿದ್ಯೆಯ ಗುಟ್ಟೆಲ್ಲ ಇರುವುದು. ಇದನ್ನು ನಾನು ಕರಿಹಲಗೆಯ ಮೇಲೆ ಮರ ಬರೆದು ವಿವರಿಸಿದೆ. ಅವರು ಬೆಂಚಿನ ತುದಿಯಲ್ಲಿ ಕೂತು ಕೇಳಿ, ತುಸು ಹೊತ್ತು ಮರವನ್ನೇ ದಿಟ್ಟಿಸಿ, "ಹುಡುಗಿಗೆ ಗಂಡು ನೋಡ್ದಂಗೆ ಆತು ಹಂಗಾರೆ" ಎಂದರು.

ನನಗೆ ಅರ್ಥವಾಗಲಿಲ್ಲ.

"ಒಂದು ಚಲೋ ಸಂಬಂಧ ಕೈಯಲ್ಲಿ ಉಂಟು ಅಂತ ಇಟ್ಕಳಿ. ಎರಡನೇ ಮನೆಗೆ ಹೋದ್ರಿ. ಹುಡುಗ ಕುಡೀತಾ ಅಂತ ಗೊತ್ತಾತು. ಆಮೇಲೆ ಅವನಿಗೆ ಗದ್ದೆ ಎಷ್ಟು, ತೆಂಗಿನ ಮರ ಎಷ್ಟು ಅಂತ ಯಾರು ಕೇಳ್ತ್ರು? ಎದ್ದು ಬರೂದೇ."

ಅದರ ಮರುವರ್ಷದಿಂದ ಈ ವಿಷಯವನ್ನು ನಾನು ಗಂಡು ನೋಡುವ ಕತೆ ಹೇಳಿಯೇ ಪಾಠ ಮಾಡುತ್ತಿದ್ದೇನೆ. ಹುಡುಗರಿಗಿಂತ ಹುಡುಗಿಯರಿಗೆ ಬೇಗ ತಿಳಿಯುತ್ತದೆ.

ಪ್ರಾಂಶುಪಾಲರ ಒಪ್ಪಿಗೆ ಪಡೆದು ನಾಯ್ಕರು ನನ್ನ ತರಗತಿಯ ಹಿಂದಿನ ಬೆಂಚಿಗೆ ಬಂದರು. ಹೊನ್ನಾವರದಿಂದ ಬಸ್ಸು ಹತ್ತಿ, ಮಕ್ಕಳ ನಡುವೆ ಕೂತು ಪ್ರೋಗ್ರಾಂ ಬರೆಯಲು ಕಲಿತರು. ಕೀಲಿಮಣೆಯ ಮೇಲೆ ಎರಡೇ ಬೆರಳು. ಒಂದೊಂದು ಅಕ್ಷರ ಒತ್ತಿಯೂ ಪರದೆ ನೋಡುವರು, ಬಂದಿದೆಯೋ ಇಲ್ಲವೋ ಎಂದು. ಮೊದಲು ನನ್ನನ್ನು ಮೇಡಂ ಎನ್ನುತ್ತಿದ್ದರು. ನಾನು ಬಾಡ ಎಂಬ ಹಳ್ಳಿಯವಳು, ನಮ್ಮಪ್ಪನಿಗೂ ಒಂದು ಚೂರು ಗದ್ದೆ ಇತ್ತು ಎಂದು ಗೊತ್ತಾದ ಮೇಲೆ ತಂಗಿ ಎಂದರು. ನಾನು ಅವರನ್ನು ಸರ್ ಎಂದೇ ಕರೆದೆ. ಯಾರು ಯಾರಿಗೆ ಗುರು ಎಂಬುದನ್ನು ನಾವಿಬ್ಬರೂ ಕೊನೆಯವರೆಗೆ ತೀರ್ಮಾನಿಸಲಿಲ್ಲ.

ಅವರು ಬರೆದ ಚೆಸ್ ಪ್ರೋಗ್ರಾಮಿನ ಹೆಸರು 'ಏಡಿ'. ಮೊದಮೊದಲು ಅದು ಮುಂದೆ ಹೋಗುವುದನ್ನೇ ಅರಿಯದೆ ಆನೆಯನ್ನು ಅಡ್ಡಡ್ಡ ಓಡಾಡಿಸುತ್ತ ಸೋಲುತ್ತಿತ್ತು. ಆಮೇಲೆ ಎಷ್ಟು ಚುರುಕಾದರೂ ಹೆಸರು ಬದಲಾಗಲಿಲ್ಲ. ಲೋಕದಲ್ಲಿ ಯಾರ‍್ಯಾರೋ ಕಂಡುಹಿಡಿದ ಸವರುವ ಉಪಾಯಗಳನ್ನೆಲ್ಲ ಒಂದೊಂದಾಗಿ ಓದಿ, ಅರ್ಥ ಮಾಡಿಕೊಂಡು, ಏಡಿಗೆ ಹಾಕಿ ನೋಡುತ್ತಿದ್ದರು. ಅವುಗಳಲ್ಲಿ ಅವರಿಗೆ ಬಹಳ ಹಿಡಿಸಿದ್ದು ನಡೆ ಬಿಟ್ಟುಕೊಡುವ ಉಪಾಯ. ನಮ್ಮ ಸರದಿ ಬಂದಾಗ ಆಡದೆ ಸುಮ್ಮನಿದ್ದು, ಎದುರಾಳಿಗೇ ಎರಡು ನಡೆ ಕೊಟ್ಟಂತೆ ಲೆಕ್ಕ ಹಾಕುವುದು. ಆಗಲೂ ನಮ್ಮ ಕೈ ಮೇಲಿದ್ದರೆ ಆ ಕೊಂಬೆಯನ್ನು ಇನ್ನಷ್ಟು ಕೆದಕುವ ಅಗತ್ಯವಿಲ್ಲ, ಕಡಿದು ಹಾಕಬಹುದು. ಆದರೆ ಆಟದ ಕೊನೆಯಲ್ಲಿ, ಕಾಯಿಗಳು ನಾಲ್ಕಾರು ಉಳಿದಾಗ, ಇದು ಕೈಕೊಡುತ್ತದೆ. ಕೆಲವು ಸಲ ಸುಮ್ಮನಿದ್ದರೆ ಕ್ಷೇಮ, ಆಡಿದರೆ ಕೆಟ್ಟೆವು ಎಂಬ ಸ್ಥಿತಿ ಬರುತ್ತದೆ. ಚೆಸ್ಸಿನಲ್ಲಿ ಸುಮ್ಮನಿರಲು ಬಿಡುವುದಿಲ್ಲವಲ್ಲ! ಹೀಗೆ ಏಡಿ ಗೆಲ್ಲುವ ಆಟವೊಂದನ್ನು ಸೋತ ದಿನ ಅವರು ಹಬ್ಬದ ಮುಖ ಮಾಡಿಕೊಂಡು ನಮ್ಮ ಸ್ಟಾಫ್ ರೂಮಿಗೇ ಬಂದರು.

"ತಂಗಿ, ಬಾ ಇಲ್ಲಿ, ನೋಡು. ರಾಜ ಇಲ್ಲೇ ಕೂತ್ರೆ ಯಾರಿಗೂ ಎಂತ ಮಾಡೂಕೆ ಬತ್ತಿಲ್ಲ. ಇಲ್ಲಿಂದ ಒಂದು ಮನೆ ಹಂದಿದ್ನೋ, ಸತ್ತ. ಎಂತಾ ಚಂದ ಅಲ್ದಾ?"

ತಮ್ಮ ಪ್ರೋಗ್ರಾಮೇ ಸೋತದ್ದು ಅವರಿಗೆ ನೆನಪೂ ಇರಲಿಲ್ಲ. ಎಲ್ಲಿ ತಪ್ಪುತ್ತದೆ ಎಂದು ಕಾಣುವುದರಲ್ಲೇ ಅವರಿಗೆ ಸುಖ.

ನಾನಾದರೋ ಅವಸರದವಳು. ಹೊಸ ಉಪಾಯ ಹಾಕಿದ ಏಡಿ ಹಳೆಯದನ್ನು ಒಂದು ಆಟದಲ್ಲಿ ಚೆನ್ನಾಗಿ ಹೊಡೆದರೆ "ಸರ್, ಇದು ಕೆಲಸ ಮಾಡ್ತದೆ" ಎಂದುಬಿಡುತ್ತಿದ್ದೆ. ಅವರು ತಲೆ ಅಲ್ಲಾಡಿಸುವರು. "ಒಂದು ಆಟ ನೋಡಿ ಹೇಳೂದು ಅಂದ್ರೆ, ಒಂದು ಬದನೆಕಾಯಿ ತೂಗಿ ತಕ್ಕಡಿಗೆ ಮುದ್ರೆ ಒತ್ತಿದಂಗೆ. ಸಾವಿರಗಟ್ಲೆ ಆಟ ಆಡ್ಲಿ. ಆಮೇಲೆ ಮಾತಾಡುವ." ಒಂದು ಉಪಾಯದಿಂದ ಸಿಗುವ ಲಾಭ ಬಹಳ ಸಣ್ಣದು. ಅದು ಲಾಭವೋ ಅದೃಷ್ಟವೋ ಎಂದು ತಿಳಿಯಬೇಕಾದರೆ ಹಳೆ ಏಡಿಗೂ ಹೊಸ ಏಡಿಗೂ ದಿನಗಟ್ಟಲೆ, ವಾರಗಟ್ಟಲೆ ಆಡಿಸುತ್ತಲೇ ಇರಬೇಕು. ಇದಕ್ಕಾಗಿ ನಮ್ಮ ಲ್ಯಾಬಿನವರು ತೆಗೆದುಹಾಕಿದ ಎರಡು ಕಂಪ್ಯೂಟರುಗಳನ್ನು ಅವರು ಮನೆಗೆ ಒಯ್ದಿದ್ದರು. ಎರಡೂ ಒಂದೇ ಮಾದರಿಯವು. ಒಂದನ್ನು ಜಗಲಿಯ ಕೋಣೆಯಲ್ಲಿಟ್ಟರು, ಅದರಲ್ಲಿ ಹೊಸ ಏಡಿ. ಇನ್ನೊಂದನ್ನು ಒಳಗಿನ ಕೋಣೆಯಲ್ಲಿಟ್ಟರು, ಅದರಲ್ಲಿ ಹಳೆ ಏಡಿ. ನಡುವೆ ಒಂದು ತಂತಿ. ಪ್ರತಿ ಆರಂಭವನ್ನೂ ಎರಡು ಸಲ ಆಡಿಸುವರು, ಒಮ್ಮೆ ಇದಕ್ಕೆ ಬಿಳಿ ಕಾಯಿ, ಒಮ್ಮೆ ಅದಕ್ಕೆ. ತಕ್ಕಡಿಯ ತಟ್ಟೆ ಬದಲಾಯಿಸಿದ ಕೈ ಇಲ್ಲೂ ಬಿಡಲಿಲ್ಲ ಎಂದು ನಾನು ನಗುತ್ತಿದ್ದೆ.

ಒಮ್ಮೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಾ ಕುಡಿಯುವಾಗ ಅವರು ಯಾವತ್ತೂ ಇಲ್ಲದಷ್ಟು ಸಂಕೋಚಪಟ್ಟುಕೊಂಡು ಒಂದು ಮಾತು ಹೇಳಿದರು.

"ನಂಗೊಂದು ಯೋಚ್ನೆ ಬಂದದ್ದು ತಂಗಿ. ಒಂದು ಕಾಯಿ ಹೋಗ್ತದೆ. ಮರುನಡೆಗೆ ಬಂದ ಮನೆಗೇ ವಾಪಸ್ ಬತ್ತದೆ. ಅಂಥ ಕೊಂಬೆ ಮರದಲ್ಲಿ ರಾಶಿ ಉಂಟು. ಅದನ್ನ ಅಲ್ಲೇ ಸವರಿದ್ರೆ? ಎಲ್ಲಾ ಕಡೆ ಹುಡುಕಿದೆ. ಯಾರೂ ಬರ್ದದ್ದು ಕಾಣ್ಲಿಲ್ಲ."

"ಹಾಕಿ ನೋಡಿ ಸರ್" ಎಂದೆ.

ಅವರು ಬಟ್ಟಲನ್ನು ತಿರುಗಿಸುತ್ತ ಕೂತರು. "ಸರ್ವೀಸು ಪೂರ್ತಿ ಬೇರೆಯವ್ರ ತಕ್ಕಡಿ ನೋಡೂದೇ ಆತು. ಕಲ್ಲು ಸರ್ಕಾರದ್ದು, ಮುದ್ರೆ ಸರ್ಕಾರದ್ದು. ಏಡಿಲೂ ಹಂಗೇ, ಎಲ್ಲಾ ಬೇರೆಯವ್ರ ಬುದ್ಧಿ. ಒಂದು ಕೊಂಬೆಯಾದ್ರೂ ನಾ ಕಡ್ದದ್ದು ಅಂತ ಇದ್ರೆ ಚಲೋ ಆಗ್ತಿತ್ತು."

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಪರೀಕ್ಷೆ ಶುರುವಾಯಿತು. ಮೊದಲ ವಾರದಿಂದಲೇ ಹೊಸ ಏಡಿ ಮೇಲು. ಎರಡನೇ ವಾರ ಇನ್ನೂ ಮೇಲು. ದಿನಾ ಸಂಜೆ ಫೋನು ಬರುವುದು, "ಏರ್ತಾ ಉಂಟು ತಂಗಿ, ಏರ್ತಾ ಉಂಟು." ಅಷ್ಟು ದೊಡ್ಡ ಲಾಭವನ್ನು ಬೇರೆ ಯಾವ ಉಪಾಯವೂ ಏಡಿಗೆ ಕೊಟ್ಟಿರಲಿಲ್ಲ. ಸರ್ವೀಸಿನಲ್ಲಿದ್ದಾಗ ತಮ್ಮ ಜೊತೆ ಚೆಸ್ ಆಡುತ್ತಿದ್ದ ಭಟ್ಕಳದ ಇಕ್ಬಾಲ್ ಸಾಹೇಬರಿಗೆ ಹೇಳಲೆಂದೇ ಬಸ್ಸು ಹತ್ತಿ ಹೋದರಂತೆ. ಸಾಹೇಬರು ತಮ್ಮ ಬಟ್ಟೆ ಅಂಗಡಿಯ ಗಲ್ಲೆಯಿಂದ ಎದ್ದು ಬಂದು "ಮುಬಾರಕ್ ನಾಯ್ಕ್ ಸಾಬ್" ಎಂದು ಅಪ್ಪಿಕೊಂಡರೆಂದು ನಾಯ್ಕರು ನನಗೆ ನಾಲ್ಕು ಸಲವಾದರೂ ಹೇಳಿರಬೇಕು. ಹೆಂಡತಿ ಸುಶೀಲಕ್ಕನಿಗೆ ಚೆಸ್ಸಿನ ಕುದುರೆ ಯಾವುದು, ಒಂಟೆ ಯಾವುದು ಎಂದೂ ಗೊತ್ತಿಲ್ಲ. ಅವರೂ ಆ ದಿನಗಳಲ್ಲಿ ಬಂದವರಿಗೆಲ್ಲ "ಇವ್ರದ್ದೇ ಸ್ವಂತದ್ದಂತೆ" ಎಂದು ಹೇಳಿಕೊಂಡು ಓಡಾಡುತ್ತಿದ್ದರು.

ಒಂದು ಭಾನುವಾರ ನಾನೂ ನೋಡಲು ಹೋದೆ. ಬಸ್ಸಿಳಿದು ಅವರ ಮನೆ ಮುಟ್ಟುವುದರೊಳಗೆ ಪೂರ್ತಿ ತೊಯ್ದಿದ್ದೆ. ಸುಶೀಲಕ್ಕ "ಅಯ್ಯೋ, ತಲೆ ಒರ್ಸ್ಕಳಿ ಮೇಡಂ, ಒಣಗಿದ್ ಟವೆಲ್ ಕೊಡ್ತೆ" ಎಂದು ನನ್ನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಹಳೆ ಏಡಿಯ ಕಂಪ್ಯೂಟರಿನ ಹಿಂದೆ ಮೊಳೆಯಿಂದ ಮೊಳೆಗೆ ಹಗ್ಗ ಕಟ್ಟಿತ್ತು. ಹಗ್ಗದ ಮೇಲೆ ಪಂಚೆ, ಸೀರೆ, ದಿಂಬಿನ ಚೀಲ. ಪೆಟ್ಟಿಗೆಯ ಮೈಮೇಲೆಯೇ ಎರಡು ಟವೆಲು ಹರಡಿದ್ದವು.

"ಮಳೆ ಹಿಡ್ದ ಮೇಲೆ ಬಟ್ಟೆ ಒಣಗೂದೇ ಇಲ್ಲ. ಈ ಪೆಟ್ಗೆ ಹಿಂದಿಂದ ಬಿಸಿ ಗಾಳಿ ಬತ್ತದಲಾ? ಇಲ್ಲಿ ಹಾಕಿದ್ರೆ ಸಂಜೆ ಒಳಗೆ ಗರಿಗರಿ. ಜಗಲಿಲಿದ್ದ ಪೆಟ್ಗೆ ಮೇಲೆ ಹಾಕೂಕೆ ಆಗೂದಿಲ್ಲ, ಯಾರಾದ್ರೂ ಬಂದ್ರೆ ಕಾಣ್ತದೆ" ಎಂದು ಸುಶೀಲಕ್ಕ ಸಂಭ್ರಮದಿಂದ ಹೇಳಿ, ಪೆಟ್ಟಿಗೆಯ ಮೇಲಿಂದ ಒಂದು ಟವೆಲು ಎಳೆದು ನನಗೆ ಕೊಟ್ಟರು. ಟವೆಲು ಬೆಚ್ಚಗಿತ್ತು.

ಗಾಳಿಯ ದಾರಿ ಮುಚ್ಚಿದರೆ ಕಂಪ್ಯೂಟರು ಕಾದು ಬಿಸಿಯಾಗುತ್ತದೆ. ಕಾದರೆ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಆಗ ಒಂದು ನಡೆಗೆ ಸಿಗುವ ಹೊತ್ತಿನಲ್ಲಿ ಅದು ನೋಡಬಲ್ಲ ಕೊಂಬೆಗಳೂ ಕಡಿಮೆ. ಹಳೆ ಏಡಿ ಇಷ್ಟು ದಿನ ಒದ್ದೆ ಬಟ್ಟೆ ಹೊದ್ದುಕೊಂಡು, ಏದುಸಿರು ಬಿಡುತ್ತ, ಹೊಸದರ ಜೊತೆ ಆಡುತ್ತಿತ್ತು. ಹೇಳಲೋ ಬೇಡವೋ ಎಂದು ನಾನು ನಿಂತಿರುವಾಗಲೇ ಹಿಂದಿನಿಂದ ನಾಯ್ಕರು ಬಂದರು. ಹಗ್ಗ ನೋಡಿದರು. ಪೆಟ್ಟಿಗೆಯ ಮೇಲೆ ಕೈಯಿಟ್ಟು ಚಟ್ಟನೆ ತೆಗೆದರು. ಆ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ನಾ ತಟ್ಟೆ ಬದ್ಲಾಯ್ಸ್ಲೇ ಇಲ್ಲ ತಂಗಿ" ಎಂದರು.

ಕಾಯಿಯ ಬಣ್ಣ ಬದಲಾಯಿಸಿದ್ದರು. ಕಂಪ್ಯೂಟರು ಬದಲಾಯಿಸಿರಲಿಲ್ಲ. ಸಂತೆಯಲ್ಲಿ ಬದನೆಕಾಯಿಗೆ ಮರೆಯದ್ದನ್ನು ಮನೆಯಲ್ಲಿ ತಮ್ಮ ಸ್ವಂತದ್ದಕ್ಕೆ ಮರೆತಿದ್ದರು. ಏನಾಯಿತೆಂದು ತಿಳಿದು ಸುಶೀಲಕ್ಕ ಬಾಯಿಗೆ ಸೆರಗು ಹಿಡಿದು ಕೂತುಬಿಟ್ಟರು. ನಾಯ್ಕರು ಹೆಂಡತಿಗೆ ಒಂದು ಮಾತೂ ಗದರಲಿಲ್ಲ. "ನೀ ಎಂತಕ್ಕೆ ಬೇಜಾರ್ ಮಾಡ್ಕಳ್ತೆ? ತೂಕ ನೋಡೂದು ನನ್ನ ಕೆಲ್ಸ. ಬಟ್ಟೆ ಒಣಗ್ಸೂದು ನಿನ್ನ ಕೆಲ್ಸ. ನಿಂದು ಸರಿಯಾಗೇ ಆತು" ಎಂದು ತಾವೇ ನಗಲು ನೋಡಿದರು. ಆಮೇಲೆ ಎದ್ದು ಹಗ್ಗ ಬಿಚ್ಚಿ ಬಚ್ಚಲ ಒಲೆಯ ಮೇಲೆ ಕಟ್ಟಿ ಬಂದರು.

ಹಳೆಯ ಲೆಕ್ಕವನ್ನೆಲ್ಲ ಅವತ್ತೇ ಅಳಿಸಿ ಮೊದಲಿನಿಂದ ಶುರು ಮಾಡಿದರು. ಅರ್ಧ ಆಟಗಳಾದ ಮೇಲೆ ಏಡಿಗಳು ತಾವಾಗಿಯೇ ಕಂಪ್ಯೂಟರು ಬದಲಿಸಬೇಕು. ಜೊತೆಗೆ ಇನ್ನೊಂದು ಕಟ್ಟಳೆ ಮಾಡಿಕೊಂಡರು. ಇಷ್ಟು ಆಟ ಎಂದು ಮೊದಲೇ ಗೊತ್ತು ಮಾಡಿದ್ದು ಮುಗಿಯುವ ತನಕ ಫಲಿತಾಂಶ ನೋಡಬಾರದು. "ನಡುವೆ ನೋಡಿದ್ರೆ ಮನ್ಸು ಕೆಡ್ತದೆ. ಗೆಲ್ತಾ ಇದ್ದಾಗ ಸಾಕು ಅನ್ಸ್ತದೆ, ಸೋಲ್ತಾ ಇದ್ದಾಗ ಇನ್ನೊಂದು ನಾಲ್ಕು ದಿನ ಆಡ್ಲಿ ಅನ್ಸ್ತದೆ" ಎಂದು ಪರದೆಗೆ ಒಂದು ಬಟ್ಟೆ ಹೊದಿಸಿದರು. ಲಾಭ ತೋರಿಸದ ಉಪಾಯ ಎಷ್ಟೇ ಚಂದವಿದ್ದರೂ ಏಡಿಯಲ್ಲಿ ಇರಕೂಡದು ಎಂಬುದು ಮೊದಲಿನಿಂದಲೂ ಇದ್ದ ನಿಯಮ. ಅದನ್ನು ತಮ್ಮ ಕೊಂಬೆಗಾಗಿ ಸಡಿಲಿಸಲಿಲ್ಲ.

ಅವರನ್ನು ನಾನು ಕೊನೆಯ ಸಲ ಕಂಡದ್ದು ಕುಮಟೆಯ ಬಸ್ ಸ್ಟ್ಯಾಂಡಿನಲ್ಲಿ. ಕಣ್ಣು ತೋರಿಸಲು ಬಂದಿದ್ದರಂತೆ. ಹೊನ್ನಾವರದ ಬಸ್ಸು ಹೊರಡಲು ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ತಿರುಗಿ, "ತಂಗಿ, ನಿಂಗೆ ಎಂತ ಅನ್ನಿಸ್ತದೆ, ಗೆಲ್ಲೂದಾ ಅದು?" ಎಂದರು.

ನನಗೆ ಆಶ್ಚರ್ಯವಾಯಿತು. ಅನ್ನಿಸುವುದರ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲದ ಮನುಷ್ಯ ನನಗೇನು ಅನ್ನಿಸುತ್ತದೆ ಎಂದು ಅಲ್ಲಿಯವರೆಗೆ ಒಮ್ಮೆಯೂ ಕೇಳಿದ್ದಿಲ್ಲ. "ಗೆಲ್ತದೆ ಸರ್" ಎಂದೆ. ಅವರು ಮಗುವಿನಂತೆ ನಕ್ಕರು. "ಅಂದಾಜಿಗೆ ಬೆಲೆ ಇಲ್ಲ ಅಂತ ಗೊತ್ತುಂಟು. ಆದ್ರೂ ಹೇಳಿದ್ದು ಚಲೋ ಆತು" ಎಂದು ಹತ್ತಿ ಕೂತರು. ಕಂಡಕ್ಟರು ಸೀಟಿ ಊದಿದ.

ಅದಾಗಿ ವಾರದೊಳಗೆ ಹೃದಯಾಘಾತವಾಯಿತು. ಬೆಳಗಿನ ಚಾ ಕುಡಿದು ಜಗಲಿಯಲ್ಲಿ ಕೂತವರು ಏಳಲಿಲ್ಲ. ನಾನು ಹೋದಾಗ ಮನೆ ತುಂಬ ಜನ. ಅಷ್ಟು ಜನರ ನಡುವೆ ಎರಡು ಕೋಣೆಗಳಲ್ಲಿ ಎರಡು ಕಂಪ್ಯೂಟರುಗಳು ಗುಂಯ್‌ಗುಡುತ್ತಿದ್ದವು. ಯಾರೋ ನೆಂಟರು ಆರಿಸಲು ಹೋದರೆ ಸುಶೀಲಕ್ಕ ಅಲ್ಲಿಂದಲೇ "ಅದನ್ನ ಮುಟ್ಬೇಡಿ. ಅವ್ರ ಲೆಕ್ಕ ಮುಗೀಲಿಲ್ಲ" ಎಂದರು.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಅವರೇ ಫೋನು ಮಾಡಿದರು. "ಸದ್ದು ನಿಂತದ್ದು ಮೇಡಂ. ಬತ್ತ್ರಾ?"

ಹೋದೆ. ಜಗಲಿಯ ಕೋಣೆಯಲ್ಲಿ ಪರದೆಯ ಬಟ್ಟೆ ತೆಗೆದು ಲೆಕ್ಕ ನೋಡಿದೆ. ತೀರಾ ಸೋಲು ಎನ್ನುವಂತಿಲ್ಲ. ಗೆಲುವಂತೂ ಅಲ್ಲ. ಸಾವಿರಾರು ಆಟಗಳ ಕೊನೆಯಲ್ಲಿ ನಾಯ್ಕರ ಕೊಂಬೆ ಸವರಿದ ಏಡಿ, ಸವರದ ಏಡಿಗಿಂತ ಕೂದಲೆಳೆಯಷ್ಟು ಹಿಂದೆ ನಿಂತಿತ್ತು. ಸುಶೀಲಕ್ಕ ಕುರ್ಚಿಯ ಹಿಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

"ಗೆದ್ದದ್ದಾ?"

ಗೆದ್ದಿತು ಎಂದರೆ ಆಗುತ್ತಿತ್ತು. ಅವರಿಗೆ ಯಾರು ಹೇಳುತ್ತಿದ್ದರು? ಸುಳ್ಳು ನಾಲಗೆಯ ತುದಿಗೇ ಬಂದಿತ್ತು. ಆದರೆ ಆ ಕೋಣೆಯಲ್ಲಿ ಕೂತು ಅದನ್ನು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಸುಶೀಲಕ್ಕ. ಏನೂ ಲಾಭ ಆಗಲಿಲ್ಲ" ಎಂದೆ.

ಅವರು ಕುರ್ಚಿಯ ಹಿಂದಿನಿಂದ ಪಕ್ಕಕ್ಕೆ ಬಂದರು. ಆಮೇಲೆ, "ಅವ್ರದ್ದು ಅಂತ ಎಲ್ಲಿ ಉಂಟು? ನಂಗೆ ತೋರ್ಸಿ" ಎಂದರು. ನಾನು ಪ್ರೋಗ್ರಾಂ ತೆರೆದು ಆ ಐದಾರು ಸಾಲುಗಳನ್ನು ತೋರಿಸಿದೆ. ಅವರು ಪರದೆಯ ಹತ್ತಿರ ಬಗ್ಗಿ, ಓದಲು ಬಾರದ ಆ ಸಾಲುಗಳ ಮೇಲೆ ಬೆರಳಾಡಿಸಿದರು.

"ಬಾಕಿ ಎಲ್ಲಾ ಬೇರೆಯವ್ರದ್ದಾ?"

"ಹೌದು. ಇಷ್ಟೇ ಸರ್‌ದು."

"ಅವ್ರಿದ್ರೆ ಈಗ ಎಂತ ಮಾಡ್ತಿದ್ರು?"

"ತೆಗೆದು ಹಾಕ್ತಿದ್ರು."

"ಹಂಗಾರೆ ತೆಗೀರಿ."

ನನ್ನ ಕೈ ಏಳಲಿಲ್ಲ. "ಇದ್ದರೆ ಏನೂ ತೊಂದರೆ ಇಲ್ಲ ಸುಶೀಲಕ್ಕ. ಅವರ ನೆನಪಿಗೆ ಇರಲಿ. ಯಾರು ಕೇಳ್ತಾರೆ?" ಎಂದೆ.

"ಯಾರೂ ಕೇಳೂದಿಲ್ಲ ಅಂತ ಅವ್ರು ಒಂದು ಕಲ್ಲಿಗಾದ್ರೂ ಸುಳ್ಳು ಮುದ್ರೆ ಒತ್ತಿದ್ದುಂಟಾ?" ಎಂದು ಸುಶೀಲಕ್ಕ ನನ್ನನ್ನು ಏಳಿಸಿ ತಾವೇ ಕುರ್ಚಿಯಲ್ಲಿ ಕೂತರು. "ಎಲ್ಲಿ ಒತ್ತೂದು, ಹೇಳಿ."

ತೋರಿಸಿದೆ. ಅವರು ಒಂದೇ ಬೆರಳಿನಿಂದ ಒತ್ತಿದರು. ಸಾಲಿನ ತುದಿಯಿಂದ ಒಂದೊಂದೇ ಅಕ್ಷರ ಹೋಗತೊಡಗಿತು. ನಡುವೆ ಒಮ್ಮೆ ಕೈ ನಿಲ್ಲಿಸಿ, ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಮತ್ತೆ ಒತ್ತಿದರು. ಕೊನೆಯ ಅಕ್ಷರವೂ ಹೋಗಿ, ಮೇಲಿನ ಸಾಲಿಗೆ ಕೆಳಗಿನ ಸಾಲು ಬಂದು ಕೂಡಿಕೊಂಡಿತು. ಅಲ್ಲಿ ಏನೋ ಇತ್ತು ಎನ್ನುವ ಗುರುತೂ ಉಳಿಯಲಿಲ್ಲ.

"ಆತಾ?" ಎಂದರು.

ನನಗೆ ದುಃಖ ತಡೆಯಲಾಗಲಿಲ್ಲ. ಅಳುತ್ತಲೇ "ಆತು ಸುಶೀಲಕ್ಕ" ಎಂದೆ. ಅವರು ಕುರ್ಚಿ ಬಿಟ್ಟು ಎದ್ದು, ನನ್ನ ಹೆಗಲ ಮೇಲೆ ಕೈಯಿಟ್ಟು, "ಹಂಗಾರೆ ಇನ್ನು ಆಡ್ಲಿ ಬಿಡಿ ಅದು" ಎಂದರು.